ಶಿಲುಬೆಯ ಕಥೆ ಎಲ್ಲಿಂದ ಬಂತು? ಸಿಡ್ನಿಯ ಒಂದು ಪುಸ್ತಕ, ಮಂಜೇಶ್ವರದ ಒಂದು ಕಾವ್ಯ



ಈಸ್ಟರ್ ಬಂತೆಂದರೆ ನಮಗೆ ಇಲ್ಲಿ ಸಾಲಾಗಿ ನಾಲ್ಕು ದಿನ ರಜೆ. ಸಿಡ್ನಿಯವರು ಮಕ್ಕಳನ್ನು ಕರೆದುಕೊಂಡು ಈಸ್ಟರ್ ಶೋಗೆ ಹೋಗುತ್ತಾರೆ, ಮೆಲ್ಬರ್ನಿನವರು ಗ್ರೇಟ್ ಓಷನ್ ರೋಡ್ ಹಿಡಿಯುತ್ತಾರೆ. ಅದೇ ವಾರ ನಮ್ಮ ಇ-ಮೇಲ್ ಪೆಟ್ಟಿಗೆಗಳಲ್ಲಿ ಇನ್ನೊಂದು ಬಗೆಯ ಜಾತ್ರೆ ನಡೆಯುತ್ತದೆ. ಯೇಸು ಶಿಲುಬೆಯ ಮೇಲೆ ಸಾಯಲೇ ಇಲ್ಲ, ಕಾಶ್ಮೀರಕ್ಕೆ ಬಂದು ಮುದುಕನಾಗಿ ಸತ್ತ. ಯೇಸು ಎಂಬ ಮನುಷ್ಯನೇ ಇರಲಿಲ್ಲ, ಎಲ್ಲವೂ ಕಟ್ಟುಕಥೆ. ಇಂಥ ಪತ್ರಗಳು ಒಬ್ಬರಿಂದೊಬ್ಬರಿಗೆ ದಾಟುತ್ತವೆ. ಕಳಿಸುವವರ ಮಾತಿನಲ್ಲಿ ಒಂದು ಸಣ್ಣ ಖುಷಿಯೂ ಇರುತ್ತದೆ, "ನೋಡಿ, ಅವರದ್ದೂ ಪುರಾಣವೇ" ಎಂಬ ಖುಷಿ. ಆ ಖುಷಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈ ಪತ್ರಗಳ ಹಿಂದೆ ನಿಜವಾದ ಒಂದು ಪ್ರಶ್ನೆ ಇದೆ. ಸಾಹಿತ್ಯ ಓದುವವರಾದ ನಮಗೆ ಅದು ಸೊಗಸಾದ ಪ್ರಶ್ನೆ ಕೂಡ. ಯೇಸುವನ್ನು ಶಿಲುಬೆಗೇರಿಸಿದ್ದು ಕ್ರಿ.ಶ. 30ರ ಆಸುಪಾಸು. ನಮಗೆ ಸಿಕ್ಕಿರುವ ಮೊದಲ ಪೂರ್ಣ ಕಥನ ಮಾರ್ಕನ ಸುವಾರ್ತೆಯದು. ಅದರ ಕಾಲ ಸುಮಾರು 70 ಎನ್ನುತ್ತಾರೆ ಬಹುಪಾಲು ವಿದ್ವಾಂಸರು. ನಡುವಿನ ಈ 40 ವರ್ಷಗಳಲ್ಲಿ ಕಥೆ ಹೇಗೆ ಬೆಳೆಯಿತು? ಯಾರ ನೆನಪು, ಯಾವ ಹಾಡು, ಯಾವ ಭಯ ಅದರೊಳಗೆ ಸೇರಿಕೊಂಡವು? ಲೋಕದಲ್ಲಿ ಇದಕ್ಕೆ ಹತ್ತಾರು ಉತ್ತರಗಳಿವೆ. ಅವುಗಳಲ್ಲಿ ಅತ್ಯಂತ ಗದ್ದಲ ಎಬ್ಬಿಸಿದ ಒಂದು ಉತ್ತರ ನಮ್ಮ ಸಿಡ್ನಿಯಲ್ಲೇ ಹುಟ್ಟಿತು.

ಬಾರ್ಬರಾ ಥೀರಿಂಗ್ ಅವರ ಹೆಸರನ್ನು ಇಲ್ಲಿ ತುಂಬ ವರ್ಷದಿಂದ ಇರುವವರು ಕೇಳಿರಬಹುದು. 1930ರಲ್ಲಿ ಸಿಡ್ನಿಯಲ್ಲಿ ಹುಟ್ಟಿ, ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 2015ರಲ್ಲಿ ತೀರಿಕೊಂಡವರು. 1990ರ ಗರಿಗಳ ಭಾನುವಾರದಂದು ಎಬಿಸಿ ಟೀವಿಯಲ್ಲಿ ಅವರ ವಾದವನ್ನು ಕುರಿತ ಸಾಕ್ಷ್ಯಚಿತ್ರ ಬಂತು. ಎರಡು ವರ್ಷದ ನಂತರ, 1992ರಲ್ಲಿ, "ಜೀಸಸ್ ದ ಮ್ಯಾನ್" ಎಂಬ ಪುಸ್ತಕ ಹೊರಬಂತು. ಅವರ ವಾದ ಒಂದು ಪತ್ತೇದಾರಿ ಕಾದಂಬರಿಯಷ್ಟೇ ರೋಚಕ. ಯೇಸುವನ್ನು ಶಿಲುಬೆಗೇರಿಸಿದ್ದು ಜೆರುಸಲೇಮಿನಲ್ಲಲ್ಲ, ಮೃತಸಮುದ್ರದ ದಡದ ಕುಮ್ರಾನಿನಲ್ಲಿ. ಅವನ ಅಕ್ಕಪಕ್ಕ ನೇತಾಡಿದವರು ಇಬ್ಬರು ಕಳ್ಳರಲ್ಲ, ಮಾಂತ್ರಿಕ ಸೀಮೋನ ಮತ್ತು ಯೂದ. ಯೇಸುವಿಗೆ ಕುಡಿಸಿದ್ದು ವಿಷ. ಪ್ರಜ್ಞೆ ತಪ್ಪಿದ ಅವನನ್ನು ಗುಹೆಯಲ್ಲಿ ಉಪಚಾರ ಮಾಡಿ ಉಳಿಸಿದರು. ಆಮೇಲೆ ಅವನು ಬಹುಕಾಲ ಬದುಕಿದ, ಮಗ್ದಲದ ಮರಿಯಳನ್ನು ಬಿಟ್ಟು ಇನ್ನೊಂದು ಮದುವೆಯನ್ನೂ ಆದ!

ಇದೆಲ್ಲ ಸುವಾರ್ತೆಗಳಲ್ಲಿ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಎಲ್ಲ ಅಲ್ಲೇ ಇದೆ, ಆದರೆ ಗುಪ್ತಲಿಪಿಯಲ್ಲಿ, ಎನ್ನುತ್ತಾರೆ ಥೀರಿಂಗ್. ಮೃತಸಮುದ್ರದ ಸುರುಳಿಗಳಲ್ಲಿ "ಪೆಶೆರ್" ಎಂಬ ಒಂದು ಬಗೆಯ ಟೀಕೆ ಸಿಗುತ್ತದೆ. ಹಬಕ್ಕೂಕನಂಥ ಹಳೆಯ ಪ್ರವಾದಿಯ ಒಂದು ಸಾಲನ್ನು ತೆಗೆದುಕೊಂಡು, ಇದರ ಅರ್ಥ ನಮ್ಮ ಗುರುವಿನ ಕಾಲದಲ್ಲಿ ನಡೆದ ಇಂಥ ಘಟನೆ, ಇಲ್ಲಿ ಹೇಳಿರುವ ದುಷ್ಟ ಇಂಥವನು ಎಂದು ಬಿಡಿಸಿ ಹೇಳುವ ಪದ್ಧತಿ. ಅದೇ ವಿಧಾನದಲ್ಲಿ ಬಿಡಿಸಿಕೊಳ್ಳಲೆಂದೇ ಸುವಾರ್ತೆಗಳನ್ನು ಬರೆದರು ಎಂಬುದು ಥೀರಿಂಗ್ ಅವರ ವಾದದ ಬೇರು. ಒಂದೊಂದು ಊರಿನ ಹೆಸರೂ ಕುಮ್ರಾನಿನ ಒಂದೊಂದು ಜಾಗ, ಒಂದೊಂದು ಪವಾಡವೂ ಆ ಪಂಗಡದೊಳಗಿನ ರಾಜಕೀಯದ ಒಂದೊಂದು ಘಟನೆ.

ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಸುರುಳಿಗಳನ್ನು ಇಂಗ್ಲಿಷಿಗೆ ತಂದ ಗೇಜಾ ವರ್ಮೆಶ್ ಕಟುವಾಗಿಯೇ ತಳ್ಳಿಹಾಕಿದರು. ಸುರುಳಿಯ "ಧರ್ಮಗುರು" ಸ್ನಾನಿಕ ಯೋಹಾನ, ಅವನ ವಿರೋಧಿ "ದುಷ್ಟ ಯಾಜಕ" ಯೇಸು ಎಂದು ಥೀರಿಂಗ್ ಗುರುತಿಸಿದ್ದರು. 1990ರ ದಶಕದಲ್ಲಿ ನಡೆದ ಇಂಗಾಲದ ಪರೀಕ್ಷೆ, ಈ ಇಬ್ಬರೂ ಬರುವ ಹಬಕ್ಕೂಕ ಟೀಕೆಯ ಸುರುಳಿ ಯೇಸು ಹುಟ್ಟುವ ಮೊದಲಿನದು ಎಂಬ ಕಡೆಗೇ ವಾಲಿತು. ಆದರೆ ಪುಸ್ತಕ ಓದುವವರ ತಕರಾರು ಇದಕ್ಕಿಂತ ಸರಳ. ಗುಪ್ತಲಿಪಿ ಎಂದು ಹೊರಟವರಿಗೆ ಕಥೆ ಕಾಣುವುದೇ ಇಲ್ಲ. ಮಾರ್ಕನ 15ನೆಯ ಅಧ್ಯಾಯದಲ್ಲಿ, ಎಲ್ಲರೂ ಬಿಟ್ಟುಹೋದ ಮೇಲೆ ದೂರದಲ್ಲಿ ನಿಂತು ನೋಡುವ ಕೆಲವು ಹೆಂಗಸರಿದ್ದಾರೆ. ಅವರು ಯಾವ ಸಂಕೇತ ಎಂದು ಬಿಡಿಸುತ್ತಾ ಕೂತರೆ, ಅವರು ಅಲ್ಲಿ ನಿಂತಿರುವುದೇ ಮರೆತುಹೋಗುತ್ತದೆ.

ತಮಾಷೆಯೆಂದರೆ, ಥೀರಿಂಗ್ ನಿಂತಿದ್ದು ಸರಿಯಾದ ಬಾಗಿಲ ಮುಂದೆಯೇ. ಕೀಲಿಯನ್ನು ಮಾತ್ರ ತಲೆಕೆಳಗಾಗಿ ಹಿಡಿದಿದ್ದರು. ಕುಮ್ರಾನಿನವರು ಹಬಕ್ಕೂಕನ ಹಳೆಯ ಸಾಲುಗಳಲ್ಲಿ ತಮ್ಮ ಗುರುವಿನ ಪಾಡನ್ನು ಓದಿಕೊಂಡಂತೆ, ಯೇಸುವಿನ ಶಿಷ್ಯರು ಹಳೆಯ ಕೀರ್ತನೆಗಳಲ್ಲಿ ತಮ್ಮ ಗುರುವಿನ ಸಾವನ್ನು ಓದಿಕೊಂಡರು. ಅವರು ಬಿಡಿಸುತ್ತಿದ್ದದ್ದು ಹಳೆಯ ಗ್ರಂಥವನ್ನು. ಬರೆದ ಸುವಾರ್ತೆ ಆ ಬಿಡಿಸುವಿಕೆಯ ಫಲ. ಕೀರ್ತನೆ 22 ತೆಗೆದು ಮಾರ್ಕನ ಪಕ್ಕದಲ್ಲಿಟ್ಟು ನೋಡಿ. ಬಟ್ಟೆಗಳನ್ನು ಹಂಚಿಕೊಳ್ಳಲು ಚೀಟಿ ಹಾಕುವುದು, ನೋಡುವವರು ತಲೆಯಾಡಿಸಿ ಹಂಗಿಸುವುದು, ದೇವರು ಯಾಕೆ ಕೈಬಿಟ್ಟ ಎಂಬ ಕೂಗು, ಮೂರೂ ಎರಡು ಕಡೆಯೂ ಇವೆ. ಹುಳಿ ದ್ರಾಕ್ಷಾರಸ ಕುಡಿಸುವುದು ಕೀರ್ತನೆ 69ರಲ್ಲಿದೆ. ಮೌನವಾಗಿ ಹಿಂಸೆ ಸಹಿಸುವ ಸೇವಕ ಯೆಶಾಯನ 53ನೆಯ ಅಧ್ಯಾಯದವನು.

ಇದನ್ನು ಹಿಡಿದು ಐರ್ಲೆಂಡ್ ಮೂಲದ ವಿದ್ವಾಂಸ ಜಾನ್ ಡಾಮಿನಿಕ್ ಕ್ರಾಸನ್ ಒಂದು ದೊಡ್ಡ ಮಾತು ಹೇಳಿದರು. ಶಿಲುಬೆಗೇರಿಸಿದ್ದು ನಿಜ, ಅದರಲ್ಲಿ ಅವರಿಗೆ ಅನುಮಾನವಿಲ್ಲ. ಆದರೆ ವಿವರಗಳು ಯಾರ ನೆನಪೂ ಅಲ್ಲ. ಶಿಷ್ಯರು ಓಡಿಹೋಗಿದ್ದರು, ಏನು ನಡೆಯಿತೆಂದು ಹೇಳುವವರೇ ಇರಲಿಲ್ಲ, ಕೀರ್ತನೆ ಮತ್ತು ಪ್ರವಾದಿಗಳಿಂದ ಎಳೆ ತೆಗೆದು ಕಥೆ ನೇಯ್ದರು. 1886-87ರಲ್ಲಿ ಈಜಿಪ್ಟಿನ ಅಖ್ಮೀಮಿನ ಸಮಾಧಿಯೊಂದರಲ್ಲಿ ಸಿಕ್ಕ "ಪೇತ್ರನ ಸುವಾರ್ತೆ"ಯೊಳಗೆ ಮಾರ್ಕನಿಗಿಂತ ಹಳೆಯ ಪದರವೊಂದು ಅಡಗಿದೆ ಎಂದೂ ಅವರು ವಾದಿಸಿದರು. ಇದನ್ನು ಒಪ್ಪುವವರು ಕಡಿಮೆ. ಎದುರು ಪಕ್ಷದಲ್ಲಿ ಕ್ಯಾಥೊಲಿಕ್ ಪಾದ್ರಿ ರೇಮಂಡ್ ಬ್ರೌನ್. 1994ರಲ್ಲಿ ಬಂದ ಅವರ ಎರಡು ಸಂಪುಟಗಳ "ದ ಡೆತ್ ಆಫ್ ದ ಮೆಸ್ಸಾಯ" ಸುಮಾರು 1600 ಪುಟ. ನೆನಪು ಮೊದಲು, ಗ್ರಂಥದ ಬಣ್ಣ ಆಮೇಲೆ ಎಂಬುದು ಅವರ ನಿಲುವು. ಮರುವರ್ಷವೇ ಕ್ರಾಸನ್ ಅದಕ್ಕೆ ಉತ್ತರವಾಗಿ "ಹೂ ಕಿಲ್ಡ್ ಜೀಸಸ್?" ಬರೆದರು.

ಇಬ್ಬರನ್ನೂ ಓದಿದರೆ ನನಗೆ ಅನ್ನಿಸುವುದು ಇಷ್ಟು. ಬರೀ ಕೀರ್ತನೆಯಿಂದಲೇ ನೇಯ್ದದ್ದಾದರೆ, ಕೀರ್ತನೆ 22ರ ಗ್ರೀಕ್ ಪಾಠದಲ್ಲಿ ಕೈಕಾಲು ಚುಚ್ಚಿದ ಮಾತು ಸಿದ್ಧವಾಗಿ ಕೂತಿತ್ತಲ್ಲ? ನಾಲ್ಕು ಸುವಾರ್ತೆಗಳಲ್ಲಿ ಒಂದೂ ಅದನ್ನು ಎತ್ತಿಕೊಳ್ಳುವುದಿಲ್ಲ. ಮಾರ್ಕನ ಶಿಲುಬೆಯ ದೃಶ್ಯದಲ್ಲಿ ಮೊಳೆಗಳ ಸುದ್ದಿಯೇ ಇಲ್ಲ. ಶಿಲುಬೆಗೇರಿಸಿದ ಘಳಿಗೆಯನ್ನು ಅವನು ಒಂದೇ ಕ್ರಿಯಾಪದದಲ್ಲಿ ಮುಗಿಸಿಬಿಡುತ್ತಾನೆ. ಇನ್ನೊಂದು ವಿವರ ನೋಡಿ. ಶಿಲುಬೆ ಹೊರಲು ದಾರಿಹೋಕ ಕುರೇನೆಯ ಸೀಮೋನನನ್ನು ಸಿಪಾಯಿಗಳು ಹಿಡಿಯುತ್ತಾರೆ. ಮಾರ್ಕ ಅವನ ಮಕ್ಕಳ ಹೆಸರೂ ಹೇಳುತ್ತಾನೆ, ಅಲೆಕ್ಸಾಂದ್ರ ಮತ್ತು ರೂಫ. ಕಥೆಗೆ ಆ ಹೆಸರುಗಳಿಂದ ಏನೂ ಪ್ರಯೋಜನವಿಲ್ಲ. ಮತ್ತಾಯ, ಲೂಕ ಇಬ್ಬರೂ ಅವನ್ನು ಬಿಟ್ಟೇಬಿಟ್ಟರು. "ನಮ್ಮ ಇಂಥವರ ಅಪ್ಪ" ಎಂದು ಹಳ್ಳಿಯಲ್ಲಿ ಗುರುತು ಹೇಳುತ್ತೇವಲ್ಲ, ಹಾಗಿದೆ ಅದು. ಮಾರ್ಕನ ಮೊದಲ ಕೇಳುಗರಿಗೆ ಆ ಮಕ್ಕಳ ಪರಿಚಯ ಇದ್ದಿರಬೇಕು. ಅಂಥ ಎಳೆ ಕೀರ್ತನೆಯಿಂದ ಬರುವುದಿಲ್ಲ.

ಹಾಡು ಮತ್ತು ನೆನಪು ಹೀಗೆ ಹೆಣೆದುಕೊಳ್ಳುವುದು ಕನ್ನಡ ಓದುಗರಿಗೆ ಹೊಸದಲ್ಲ. ನಮ್ಮ ಶೂನ್ಯಸಂಪಾದನೆಯನ್ನು ನೆನೆಯಿರಿ. 12ನೆಯ ಶತಮಾನದ ಶರಣರ ವಚನಗಳು ಮೊದಲೇ ಇದ್ದವು. ಸುಮಾರು 250 ವರ್ಷಗಳ ನಂತರ ಶಿವಗಣಪ್ರಸಾದಿ ಮಹದೇವಯ್ಯ ಆ ವಚನಗಳನ್ನು ಪೋಣಿಸಿ, ಅಲ್ಲಮ ಬಂದ, ಅಕ್ಕ ಬಂದಳು, ಹೀಗೆ ಕೇಳಿದರು, ಹೀಗೆ ಉತ್ತರಿಸಿದರು ಎಂದು ಅನುಭವಮಂಟಪದ ಕಥನ ಕಟ್ಟಿದ. ಅಲ್ಲಿಗೆ ಮುಗಿಯಲಿಲ್ಲ. ಸುವಾರ್ತೆಗಳಂತೆ ಶೂನ್ಯಸಂಪಾದನೆಗಳೂ ನಾಲ್ಕು! ಮಹದೇವಯ್ಯನಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯ ಪ್ರಸಂಗ ಇಲ್ಲ. ಹಲಗೆಯಾರ್ಯನಿಗೆ ಅದು ಕೊರತೆಯಾಗಿ ಕಂಡಿತು, ಸೇರಿಸಿದ. ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣ ಮತ್ತೆ ತಿದ್ದಿದರು. ಮಾರ್ಕನನ್ನು ಎದುರಿಗಿಟ್ಟುಕೊಂಡು ಮತ್ತಾಯ ಮತ್ತು ಲೂಕ ಮಾಡಿದ್ದೂ ಇದನ್ನೇ. ಹಾಗೆಂದು ಅಲ್ಲಮ ಹುಟ್ಟಿರಲಿಲ್ಲ ಎಂದು ನಾವು ಯಾರಾದರೂ ಹೇಳುತ್ತೇವೆಯೆ? ಆ ಸಂಭಾಷಣೆ ಅಕ್ಷರಶಃ ಹಾಗೆಯೇ ನಡೆಯಿತೆಂದೂ ಹೇಳುವುದಿಲ್ಲ. ಎರಡರ ನಡುವೆ ಇರುವ ಜಾಗದಲ್ಲಿ ನಿಂತು ಓದುವುದು ನಮಗೆ ಅಭ್ಯಾಸವಾಗಿದೆ.

ಅಭ್ಯಾಸ ಆಗುವ ಮೊದಲು ನಮಗೂ ಒಂದು ಪೆಟ್ಟು ಬಿದ್ದಿತ್ತು. ಶಾಸನತಜ್ಞ ಫ್ಲೀಟ್ ಬಸವಣ್ಣನ ಪಾತ್ರವನ್ನೇ ಅನುಮಾನಿಸಿದರು. ಅಬ್ಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ಕಥೆ ಇದೆ, ಬಸವನ ಹೆಸರಿಲ್ಲ. ಆದ್ದರಿಂದ ವೀರಶೈವಕ್ಕೆ ಮರುಜೀವ ಕೊಟ್ಟವನು ರಾಮಯ್ಯನೇ ಎಂಬ ತರ್ಕ. ಆಮೇಲೆ 1260ರ ಅರ್ಜುನವಾಡದ ಶಾಸನ ಬೆಳಕಿಗೆ ಬಂತು, ಅದರಲ್ಲಿ ಬಸವನ ಹೆಸರು ಇತ್ತು. ಶಾಸನ ಮೌನವಾಗಿದೆ ಎಂದರೆ ಮನುಷ್ಯ ಇರಲಿಲ್ಲ ಎಂದಲ್ಲ. ಬಿಜ್ಜಳನ ಕೊಲೆಯನ್ನೇ ತೆಗೆದುಕೊಳ್ಳಿ. ಶೈವ ಪುರಾಣಗಳು ಒಂದು ಬಗೆಯಲ್ಲಿ ಹೇಳಿದರೆ ಜೈನರ "ಬಿಜ್ಜಳರಾಯ ಚರಿತೆ" ವಿಷದ ಹಣ್ಣಿನ ಕಥೆ ಹೇಳುತ್ತದೆ. ಎರಡೂ ಕಡೆಯವರಿಗೆ ತಮ್ಮ ತಮ್ಮ ಕಾರಣಗಳಿದ್ದವು.

ಯೇಸುವಿನ ವಿಷಯದಲ್ಲೂ ಇದೇ ಮೌನದ ತರ್ಕ ಮತ್ತೆ ಮತ್ತೆ ತಲೆಯೆತ್ತುತ್ತದೆ. 2014ರಲ್ಲಿ ಸಿಡ್ನಿಯ ಇತಿಹಾಸಕಾರ ಜಾನ್ ಡಿಕ್ಸನ್ ಒಂದು ಪಂಥ ಒಡ್ಡಿದರು. ಯೇಸು ಬದುಕಿರಲೇ ಇಲ್ಲ ಎನ್ನುವ ಒಬ್ಬ ಪೂರ್ಣ ಪ್ರೊಫೆಸರನ್ನು, ಪ್ರಾಚೀನ ಇತಿಹಾಸದಲ್ಲೋ ಹೊಸ ಒಡಂಬಡಿಕೆಯಲ್ಲೋ, ತೋರಿಸಿದರೆ ತಮ್ಮ ಬೈಬಲಿನ ಒಂದು ಹಾಳೆ ತಿನ್ನುತ್ತೇನೆ ಎಂದು. ಅದೇ ವರ್ಷ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕ ರಾಫೆಲ್ ಲಾಟಸ್ಟರ್, ಯೇಸು ಇದ್ದನೆಂಬ ಸಾಕ್ಷ್ಯ ಗಟ್ಟಿಯಲ್ಲ ಎಂದು ವಾದಿಸಿ ಬರೆದರು. 2019ರಲ್ಲಿ ಅದನ್ನೇ ವಿಸ್ತರಿಸಿ ಪುಸ್ತಕ ತಂದರು. ಲಾಟಸ್ಟರ್ ಅವರ ಪ್ರಶ್ನೆಗಳಲ್ಲಿ ಕೆಲವು ನ್ಯಾಯವಾದವೇ. ಪೌಲನ ಪತ್ರಗಳು ಸುವಾರ್ತೆಗಳಿಗಿಂತ ಹಳೆಯವು, ಆದರೆ ಅವುಗಳಲ್ಲಿ ಯೇಸುವಿನ ಬದುಕಿನ ವಿವರ ತೀರ ಕಡಿಮೆ. ಆದರೂ ನನ್ನ ತಕ್ಕಡಿ ಆ ಕಡೆ ತೂಗುವುದಿಲ್ಲ. ರೋಮನ್ನರು ದಂಗೆಕೋರರಿಗೂ ಗುಲಾಮರಿಗೂ ಮೀಸಲಿಟ್ಟ ಅವಮಾನದ ಸಾವನ್ನು ತಮ್ಮ ರಕ್ಷಕನಿಗೆ ಯಾರು ಬೇಕೆಂದು ಕಟ್ಟಿಕೊಡುತ್ತಾರೆ? ಟ್ಯಾಸಿಟಸ್ ಎಂಬ ರೋಮನ್ ಇತಿಹಾಸಕಾರ ಕ್ರೈಸ್ತರನ್ನು ಕಂಡರಾಗದವನು. ಪಿಲಾತನ ಕೈಯಲ್ಲಿ ಈ ಮರಣದಂಡನೆ ಆಯಿತೆಂದು ಅವನೂ ಬರೆಯುತ್ತಾನೆ. ಪಿಲಾತನ ಹೆಸರು ಕೊರೆದ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. 1968ರಲ್ಲಿ ಜೆರುಸಲೇಮಿನ ಬಳಿ ಒಬ್ಬನ ಹಿಮ್ಮಡಿಯ ಮೂಳೆ ಸಿಕ್ಕಿತು, ಮೊಳೆ ಇನ್ನೂ ಅದರಲ್ಲೇ ನೆಟ್ಟಿತ್ತು. ಮೂಳೆಪೆಟ್ಟಿಗೆಯ ಮೇಲೆ ಅವನ ಹೆಸರು ಯೆಹೋಹಾನಾನ್ ಎಂದಿತ್ತು. ಅವನ ಬಗ್ಗೆ ಯಾರೂ ಕಥೆ ಬರೆಯಲಿಲ್ಲ.

ಸಿಡ್ನಿಯ ಜಗಳ ಇನ್ನೂ ಹಳೆಯದು. ಅಲ್ಲಿನ ಸೇಂಟ್ ಆಂಡ್ರೂಸ್ ಕಾಲೇಜಿನ ಪ್ರೊಫೆಸರ್ ಸ್ಯಾಮ್ಯುಯೆಲ್ ಆಂಗಸ್, ಗ್ರೀಕ್-ರೋಮನ್ ರಹಸ್ಯ ಪಂಥಗಳನ್ನೂ ಕ್ರೈಸ್ತಧರ್ಮವನ್ನೂ ಅಕ್ಕಪಕ್ಕ ಇಟ್ಟು 1925ರಲ್ಲಿ ಪುಸ್ತಕ ಬರೆದವರು. ಶಿಲುಬೆಯ ಸಾವನ್ನು ನಮ್ಮ ಪಾಪಕ್ಕೆ ಬದಲಿಯಾಗಿ ತೆತ್ತ ಬೆಲೆ ಎಂದು ಓದುವ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. 1930ರ ದಶಕದಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಅವರ ಮೇಲೆ ಧರ್ಮದ್ರೋಹದ ಆರೋಪ ವರ್ಷಗಟ್ಟಲೆ ನಡೆಯಿತು. ಮೆಲ್ಬರ್ನಿನ ರಿಡ್ಲಿ ಕಾಲೇಜಿನ ಲಿಯಾನ್ ಮಾರಿಸ್ 1955ರಲ್ಲಿ ಶಿಲುಬೆಯ ಬಗ್ಗೆ ಬರೆದ ಪುಸ್ತಕ ಅದೇ ಸಿದ್ಧಾಂತದ ಗಟ್ಟಿ ಸಮರ್ಥನೆ. ಎರಡು ಊರುಗಳ ಪೈಪೋಟಿ ಕ್ರಿಕೆಟ್ಟಿಗಷ್ಟೇ ಸೀಮಿತ ಎಂದುಕೊಂಡಿದ್ದರೆ, ಇಲ್ಲೂ ಇದೆ ನೋಡಿ.

ಇಷ್ಟೆಲ್ಲ ವಿದ್ವಾಂಸರ ಚರ್ಚೆ ನಮಗೇಕೆ ಎಂದರೆ, ಕಥೆ ಹೇಗೆ ಬೆಳೆಯಿತೆಂಬುದಕ್ಕೆ ಮನುಷ್ಯರು ಬೆಲೆ ತೆತ್ತಿದ್ದಾರೆ. ಸುವಾರ್ತೆಗಳನ್ನು ಬರೆದ ಕ್ರಮದಲ್ಲೇ ಓದುತ್ತ ಹೋಗಿ. ಮಾರ್ಕನಲ್ಲಿ ಪಿಲಾತ ಜನರನ್ನು ಮೆಚ್ಚಿಸಲು ತಲೆಬಾಗುವ ಅಧಿಕಾರಿ. ಮತ್ತಾಯನಲ್ಲಿ ಅವನು ಕೈ ತೊಳೆದುಕೊಳ್ಳುತ್ತಾನೆ, ಅವನ ಹೆಂಡತಿಗೆ ಕನಸು ಬೀಳುತ್ತದೆ, ರಕ್ತದ ಹೊಣೆಯನ್ನು ಜನ ತಮ್ಮ ಮೇಲೂ ಮಕ್ಕಳ ಮೇಲೂ ಎಳೆದುಕೊಳ್ಳುತ್ತಾರೆ. ಪೇತ್ರನ ಸುವಾರ್ತೆಗೆ ಬರುವಷ್ಟರಲ್ಲಿ ಆಜ್ಞೆ ಕೊಡುವವನು ಹೆರೋದ, ಪಿಲಾತ ಪಾರಾಗಿದ್ದಾನೆ. ಫೈಲೋ, ಜೋಸೆಫಸ್ ಇಬ್ಬರೂ ಅವನನ್ನು ಕ್ರೂರಿ, ಹಟಮಾರಿ ಎಂದೇ ಚಿತ್ರಿಸುತ್ತಾರೆ. ಹಬ್ಬಕ್ಕೊಬ್ಬ ಕೈದಿಯನ್ನು ಬಿಡುವ ಪದ್ಧತಿಗೆ ಸುವಾರ್ತೆಗಳ ಹೊರಗೆ ಸಾಕ್ಷಿ ಇಲ್ಲ. ರೋಮಿನ ಕೈಕೆಳಗೆ ಬದುಕಬೇಕಾಗಿದ್ದ ಸಣ್ಣ ಪಂಗಡವೊಂದು, ತಮ್ಮ ಗುರುವನ್ನು ಕೊಂದ ರೋಮಿನ ಹೊಣೆಯನ್ನು ಮೆಲ್ಲಮೆಲ್ಲಗೆ ಪಕ್ಕದ ಮನೆಯವರ ಮೇಲೆ ಜಾರಿಸಿತು. ಆಗ ಅದು ದಿಕ್ಕಿಲ್ಲದವರ ಜಾಣತನ. ಆ ಪಂಗಡವೇ ಸಾಮ್ರಾಜ್ಯದ ಧರ್ಮವಾದ ಮೇಲೆ ಅದೇ ಸಾಲುಗಳು ಯೆಹೂದ್ಯರ ಕೇರಿಗಳಿಗೆ ಬೆಂಕಿ ಹಚ್ಚಿದವು. ಯೆಹೂದ್ಯರೆಲ್ಲರ ಮೇಲೆ ಈ ಸಾವಿನ ಹೊಣೆ ಹೊರಿಸಕೂಡದು ಎಂದು ಕ್ಯಾಥೊಲಿಕ್ ಚರ್ಚು ಅಧಿಕೃತವಾಗಿ ಹೇಳಿದ್ದು 1965ರಲ್ಲಿ. ಮೆಲ್ಬರ್ನಿನ ಓದುಗರು ಎಲ್ಸ್ಟರ್ನ್‌ವಿಕ್‌ನಲ್ಲಿ 1984ರಲ್ಲಿ ತೆರೆದ ಹಾಲೊಕಾಸ್ಟ್ ಮ್ಯೂಸಿಯಮ್ಮಿಗೆ ಹೋಗಿಬಂದಿರಬಹುದು. ಅದನ್ನು ಕಟ್ಟಿದವರು ಬದುಕುಳಿದು ಆ ನಗರಕ್ಕೆ ಬಂದವರು. ಕ್ರಾಸನ್ ಅಂಥವರು ಈ ಕಥೆಯ ಮೂಲ ಕೆದಕಿದ್ದು ಇದೇ ಸಂಕಟದಿಂದ. ನಮ್ಮ ಇ-ಮೇಲ್ ಖುಷಿಯಲ್ಲಿ ಆ ಸಂಕಟ ಇಲ್ಲ. ಅದೇ ನನಗೆ ಹಿಡಿಸದಿರುವುದು. ಬಸವಣ್ಣನ ಬಗ್ಗೆ "ಮಹಾಚೈತ್ರ" ನಾಟಕವೂ "ಧರ್ಮಕಾರಣ" ಕಾದಂಬರಿಯೂ ಬಂದಾಗ ಊರಿನಲ್ಲಿ ಎದ್ದ ಗಲಾಟೆ ನೆನಪಿದೆಯಲ್ಲ? ಪಕ್ಕದವರ ದೇವರ ಮನೆಗಾದರೆ ಟಾರ್ಚ್ ಹಿಡಿದು ಹೋಗುತ್ತೇವೆ, ನಮ್ಮದಕ್ಕೆ ಬಂದಾಗ ಚಪ್ಪಲಿ ಬಿಡಿ ಎನ್ನುತ್ತೇವೆ.

ಹೊರಗಿನವನಾಗಿ ಈ ಕಥೆಯೊಳಗೆ ಹೋದ ಕನ್ನಡಿಗರೊಬ್ಬರಿದ್ದಾರೆ. ಮಂಜೇಶ್ವರ ಗೋವಿಂದ ಪೈ (1883-1963) 1930ರ ದಶಕದಲ್ಲಿ "ಗೊಲ್ಗೊಥಾ" ಬರೆದರು. ಯೇಸುವಿನ ಕಡೆಯ ದಿನ ಅದರ ವಸ್ತು. ಅದೇ ದಶಕದಲ್ಲಿ ಸಿಡ್ನಿಯಲ್ಲಿ ಆಂಗಸ್ ವಿಚಾರಣೆ ನಡೆಯುತ್ತಿತ್ತು ಎಂಬುದು ಸುಮ್ಮನೆ ಕಾಕತಾಳೀಯ, ಆದರೂ ನೆನೆಯಲು ಚೆನ್ನ. ಕಿಟೆಲ್ 1862ರಲ್ಲೇ "ಕಥಾಮಾಲೆ"ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ತಂದಿದ್ದರು, ಆದರೆ ಕಿಟೆಲ್ ಬಂದದ್ದು ಮಿಷನರಿಯಾಗಿ. ಪೈಯವರಿಗೆ ಯಾರನ್ನೂ ಸೇರಿಸಿಕೊಳ್ಳುವ ಕೆಲಸ ಇರಲಿಲ್ಲ. ಮುಂದೆ ಬುದ್ಧನ ಕೊನೆಯ ದಿನವನ್ನೂ "ವೈಶಾಖಿ"ಯಲ್ಲಿ ಬರೆದರು.

ಅವರು ಬರೀ ಕವಿಯಾಗಿದ್ದರೆ ನಾನು ಇಲ್ಲಿ ಎಳೆದು ತರುತ್ತಿರಲಿಲ್ಲ. ಶಾಸನದ ತಿಥಿ, ವಾರ ಲೆಕ್ಕ ಹಾಕಿ ರಾಜರ ಕಾಲ ನಿರ್ಣಯ ಮಾಡುತ್ತಿದ್ದ ಸಂಶೋಧಕ, ಇಪ್ಪತ್ತಕ್ಕೂ ಹೆಚ್ಚು ಭಾಷೆ ಬಲ್ಲವರು. ಈಜಿಪ್ಟಿನ ಆಕ್ಸಿರಿಂಕಸ್ಸಿನ ಮರಳಲ್ಲಿ ಸಿಕ್ಕು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದ ಅರ್ಥವಾಗದ ಮಾತುಗಳು ಕನ್ನಡವೇ ಎಂದು ಹುಲ್ಶ್ ಹೇಳಿದ್ದರಲ್ಲ, ಆ ಚರ್ಚೆಯಲ್ಲಿ ಪೈಯವರೂ ಇದ್ದರು. (ಅದೇ ಮರಳಿನಲ್ಲಿ ಪೇತ್ರನ ಸುವಾರ್ತೆಯದು ಎನ್ನಲಾದ ಚೂರೂ ಸಿಕ್ಕಿದೆ. ಅರ್ಥವಾಗದ ಅಕ್ಷರಗಳಲ್ಲಿ ತಮಗೆ ಬೇಕಾದ್ದನ್ನು ಕಾಣುವುದು ಥೀರಿಂಗ್ ಒಬ್ಬರಿಗೇ ಅಂಟಿದ ರೋಗವಲ್ಲ, ಕನ್ನಡಿಗರಿಗೂ ಸ್ವಲ್ಪ ಇದೆ!) ಮಾರ್ಕನ ಪ್ರಕಾರ ಕೊನೆಯ ಊಟ ಪಸ್ಕ ಹಬ್ಬದ ಊಟ; ಯೋಹಾನನ ಪ್ರಕಾರ ಯೇಸು ಸತ್ತದ್ದು ಆ ಊಟಕ್ಕೆ ಮೊದಲೇ, ಕುರಿಮರಿಗಳನ್ನು ಕೊಯ್ಯುವ ದಿನ. ಮಾರ್ಕನಲ್ಲಿ ಬೆಳಿಗ್ಗೆ 9ಕ್ಕೇ ಶಿಲುಬೆಗೇರಿಸಿ ಆಗಿದೆ, ಯೋಹಾನನಲ್ಲಿ ಮಧ್ಯಾಹ್ನದ ಹೊತ್ತಿಗೂ ಪಿಲಾತನ ಮುಂದೆ ವಿಚಾರಣೆ ಮುಗಿದಿಲ್ಲ. ತಿಥಿಯ ಲೆಕ್ಕದವರಿಗೆ ಈ ತಕರಾರು ಕಣ್ಣಿಗೆ ಬೀಳದೆ ಇರಲಿಕ್ಕಿಲ್ಲ. ಮನಸ್ಸು ಮಾಡಿದ್ದರೆ ಪೈಯವರು ಯೇಸುವಿನ ಮರಣದ ದಿನಾಂಕದ ಮೇಲೆ ಒಂದು ಘನವಾದ ಪ್ರಬಂಧ ಬರೆಯಬಹುದಿತ್ತು. ಆ ದಿನವನ್ನು ಅವರು ಕಾವ್ಯಕ್ಕೆ ಕೊಟ್ಟರು.

ಹೆಸರನ್ನೂ ಗಮನಿಸಿ. ಗೊಲ್ಗೊಥಾ ಎಂದರೆ ಅರಮೇಯಿಕ್ ಭಾಷೆಯಲ್ಲಿ ತಲೆಬುರುಡೆಯ ಜಾಗ. ಸಂಸ್ಕೃತ ಅವರ ನಾಲಿಗೆಯ ಮೇಲೆಯೇ ಇತ್ತು, ಒಂದು ಸಮಾಸ ಕಟ್ಟುವುದು ಅವರಿಗೆ ಎಷ್ಟು ಹೊತ್ತಿನ ಕೆಲಸ? ಕಟ್ಟಲಿಲ್ಲ. ಗ್ರೀಕಿನಲ್ಲಿ ಬರೆಯುವಾಗ ಮಾರ್ಕನೂ ಆ ಹೆಸರನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಅರ್ಥ ಹೇಳುತ್ತಾನೆ. ಅರಮೇಯಿಕ್ ಬಾರದವರು ಕೂತು ಕೇಳುವ ಕಡೆಗಳಿಗೂ ಕಥೆ ಬಂದು ಮುಟ್ಟಿದೆ ಎಂಬುದಕ್ಕೆ ಅದು ಗುರುತು. ಅಲ್ಲಿಂದ ಮಂಜೇಶ್ವರಕ್ಕೆ ಬರಲು ಇನ್ನೂ ಸುಮಾರು 1900 ವರ್ಷ ಹಿಡಿಯಿತು, ಅಷ್ಟೇ.

ಮುಂದಿನ ಓದುಕೂಟಕ್ಕೆ "ಗೊಲ್ಗೊಥಾ" ಇಟ್ಟುಕೊಳ್ಳೋಣ ಎಂಬುದು ನನ್ನ ಸೂಚನೆ. ಭಾಷೆ ಬಿಗಿಯಾಗಿದೆ, ಪಕ್ಕದಲ್ಲಿ ನಿಘಂಟು ಇರಲಿ. ಬರುವ ಮೊದಲು ಮಾರ್ಕನ 14, 15ನೆಯ ಅಧ್ಯಾಯಗಳನ್ನೂ ಕೀರ್ತನೆ 22ನ್ನೂ ಕನ್ನಡ ಬೈಬಲಿನಲ್ಲಿ ಓದಿಕೊಂಡು ಬನ್ನಿ, ಒಟ್ಟು ಅರ್ಧ ಗಂಟೆ ಸಾಕು. ಓದುವಾಗ ಪಿಲಾತ ಬಂದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಡಿ. ನಮ್ಮ ಕವಿ ಅವನಿಗೆ ಎಷ್ಟು ರಿಯಾಯಿತಿ ಕೊಟ್ಟಿದ್ದಾರೆ, ಜನಜಂಗುಳಿಗೆ ಎಷ್ಟು ಕೊಟ್ಟಿದ್ದಾರೆ ಎಂದು ಸಾಲು ಸಾಲಾಗಿ ಹೋಲಿಸಿ ನೋಡೋಣ. ಪೈಯವರ ಸಮಗ್ರ ಕಾವ್ಯ ಮನೆಯಲ್ಲಿರುವವರು ದಯವಿಟ್ಟು ತನ್ನಿ, ಸಿಡ್ನಿಯ ಕಡೆ ಸದ್ಯಕ್ಕೆ ಒಂದೇ ಪ್ರತಿ ಇದೆ.